ಸೆನ್ಸರ್ ಬಂತು ಅಂತ ಲ್ಯಾಬ್ ಮುಚ್ಚೋದಾ?

ಮಾನ್ಯ ಸಂಪಾದಕರೇ,

ನೀರಿನಲ್ಲಿರುವ ವಿಷವನ್ನು ಕ್ಷಣದಲ್ಲಿ ಹಿಡಿಯುವ ಬಯೋಸೆನ್ಸರ್ (ಕಿಣ್ವ, ಬ್ಯಾಕ್ಟೀರಿಯಾದಂಥ ಜೈವಿಕ ವಸ್ತು ಕೂರಿಸಿದ ಪತ್ತೆ ಸಾಧನ) ಬಂದಿದೆ, ಇನ್ನು ಲ್ಯಾಬಿಗೆ ಅಲೆಯಬೇಕಿಲ್ಲ ಅನ್ನುವ ಥರದ ಸುದ್ದಿಗಳು ಆಗಾಗ ಬರುತ್ತಿರುತ್ತವೆ. ಮೊದಲರ್ಧ ಸರಿ. ಲ್ಯಾಬ್ ಬೇಡ ಅನ್ನುವುದು ಮಾತ್ರ ಸುಮ್ನೆ ದಾರಿ ತಪ್ಪಿಸುವ ಮಾತು.

ಆರ್ಗನೋಫಾಸ್ಫೇಟ್ ಕೀಟನಾಶಕಗಳನ್ನೇ ನೋಡಿ. ಕೀಟದ ನರಗಳಿಗೆ ಬೇಕಾದ ಅಸಿಟೈಲ್‌ಕೋಲಿನೆಸ್ಟರೇಸ್ ಅನ್ನುವ ಕಿಣ್ವವನ್ನು ಅವು ಕಟ್ಟಿಹಾಕುತ್ತವೆ, ಕೀಟ ಸಾಯುತ್ತದೆ. ಅದೇ ಕಿಣ್ವವನ್ನು ಎಲೆಕ್ಟ್ರೋಡಿನ ಮೇಲೆ ಕೂರಿಸಿ ನೀರು ಹಾಕಿದರೆ, ಕಿಣ್ವ ಎಷ್ಟು ಮಂಕಾಯಿತು ಅನ್ನುವುದರ ಮೇಲೆ ವಿಷ ಎಷ್ಟಿದೆ ಅಂತ ಅಂದಾಜು ಸಿಗುತ್ತದೆ. ಜಾಣತನದ ಕೆಲಸ, ಅಲ್ವಾ? ಆದರೆ ಯಾವ ಕೀಟನಾಶಕ ಅಂತ ಅದು ಹೇಳುವುದಿಲ್ಲ. ಕಾರ್ಬಮೇಟ್ ಅನ್ನುವ ಬೇರೆ ಗುಂಪಿನ ಕೀಟನಾಶಕ ಇದ್ದರೂ ಕಿಣ್ವ ಮಂಕಾಗುತ್ತದೆ, ಕೆಲವು ಲೋಹಗಳಿದ್ದರೂ ಆಗುತ್ತದೆ, ಅಷ್ಟೇಕೆ, ಬಿಸಿಲಿಗೆ ಕಿಣ್ವವೇ ಕೆಟ್ಟಿದ್ದರೂ ಆಗುತ್ತದೆ! ಅಲಿವಿಬ್ರಿಯೊ ಫಿಶೆರಿ ಅಂತ ಮಿನುಗುವ ಸಮುದ್ರದ ಬ್ಯಾಕ್ಟೀರಿಯಾ ಇದೆ, ನೀರು ವಿಷವಾಗಿದ್ದರೆ ಅದರ ಬೆಳಕು ಅರ್ಧ ಗಂಟೆಯೊಳಗೆ ಕುಂದುತ್ತದೆ. ಈ ಪರೀಕ್ಷೆಗೆ ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡವೂ ಇದೆ. ಅಲ್ಲೂ ಏನೋ ಇದೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ.

ಹಾಗಂತ ಸೆನ್ಸರ್ ದಂಡ ಅಂತಲ್ಲ. ರಾತ್ರಿ ನದಿಗೆ ಬಿಟ್ಟ ಕೊಳಕು ಬೆಳಗಾಗುವಷ್ಟರಲ್ಲಿ ಹರಿದು ಹೋಗಿರುತ್ತದೆ. ತಿಂಗಳಿಗೊಮ್ಮೆ ಬಾಟಲಿ ತುಂಬಿಸಿಕೊಂಡು ಹೋಗುವವರ ಕೈಗೆ ಅದು ಸಿಗುವುದೇ ಇಲ್ಲ. ನೀರಿನ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅಂತ ಅಳೆಯುವ ಬಿಒಡಿ ಪರೀಕ್ಷೆಗೆ 5 ದಿನ ಬೇಕು, ಸೂಕ್ಷ್ಮಜೀವಿ ಕೂರಿಸಿದ ಸೆನ್ಸರ್ ಅದರ ಅಂದಾಜನ್ನು ನಿಮಿಷಗಳಲ್ಲಿ ಕೊಡಬಲ್ಲದು. ಪಕ್ಕಾ ಲೆಕ್ಕ ಅಲ್ಲದಿದ್ದರೂ ಪರವಾಗಿಲ್ಲ, ಸದಾ ನೀರಿನ ಹತ್ತಿರವೇ ಇರುತ್ತದಲ್ಲ, ಅದೇ ಅದರ ಬಲ. ಸೆನ್ಸರ್ ಎಚ್ಚರಿಸಲಿ, ತಕ್ಷಣ ಮಾದರಿ ತೆಗೆಯಲಿ, ಅದು ಯಾವ ವಿಷ ಅಂತ ಲ್ಯಾಬ್ ಹೇಳಲಿ.

ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಸಣ್ಣ ಪ್ರಮಾಣವನ್ನು ಶುದ್ಧ ನೀರಿನಲ್ಲಿ ಹಿಡಿಯುವುದೇ ಬೇರೆ, ಕೆಸರು, ಪಾಚಿ, ಉಪ್ಪು ಎಲ್ಲ ಕಲೆತ ನೀರಿನಲ್ಲಿ ಹಿಡಿಯುವುದೇ ಬೇರೆ. ಅದಕ್ಕೇ ಒಂದು ಕೋರಿಕೆ: ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ಸೆನ್ಸರನ್ನು ಯಾವ ನೀರಿನಲ್ಲಿ ಪರೀಕ್ಷಿಸಿದರು, ಅದರೊಳಗಿನ ಕಿಣ್ವವೋ ಬ್ಯಾಕ್ಟೀರಿಯಾವೋ ಎಷ್ಟು ದಿನ ಬಾಳುತ್ತದೆ, ಬೇರೆ ಯಾವುದಕ್ಕೆಲ್ಲ ಅದು ಸುಳ್ಳು ಎಚ್ಚರಿಕೆ ಕೊಡುತ್ತದೆ ಅಂತ ಕೇಳಿ ಬರೆಯಿರಿ.

ಇಂತಿ,
ನಿಮ್ಮ ಓದುಗ