ಕಣ್ಣು ಮುಚ್ಚಿಕೊಂಡು ಎಳೆಯಬೇಡ, ಪುಟ್ಟಿ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮನೆಯ ಸುದ್ದಿಯನ್ನೆಲ್ಲ ದೊಡ್ಡಮ್ಮ ಬೇರೆ ಬರೆಯುತ್ತಾಳೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ನಾನು ಬರೆಯಲು ಕೂತದ್ದು ನೀನು ನಡುವೆ ಸುಮ್ಮನೆ ಸೇರಿಸಿಬಿಟ್ಟ ಒಂದು ಸಾಲಿನಿಂದ. ವ್ಯಾಯಾಮದ ರಬ್ಬರ್ ಟ್ಯೂಬ್ ಎಳೆಯುವಾಗ ಅದು ಎಲ್ಲಿ ಕಿತ್ತುಕೊಂಡು ಮುಖಕ್ಕೆ ಬಡಿಯುತ್ತದೋ ಎಂದು ಭಯವಾಗುತ್ತದೆ, ಅದಕ್ಕೇ ಕಣ್ಣು ಮುಚ್ಚಿಕೊಂಡು ಎಳೆಯುತ್ತೇನೆ ಎಂದು ಬರೆದಿದ್ದೀಯ. ಅದನ್ನು ಓದಿದ ಮೇಲೆ ಉಳಿದ ಕಾಗದ ನನ್ನ ತಲೆಗೆ ಹತ್ತಲೇ ಇಲ್ಲ.

ನಿನ್ನ ಭಯ ಸರಿಯಾದದ್ದು. ಯಾರಾದರೂ ನಕ್ಕರೆ ಕಿವಿಗೆ ಹಾಕಿಕೊಳ್ಳಬೇಡ. 2020ರಲ್ಲಿ ಜನ ಮನೆಯೊಳಗೇ ವ್ಯಾಯಾಮ ಮಾಡುವಂತಾದಾಗ ಕಣ್ಣಿನ ವೈದ್ಯರು ಇಂಥ ಪೆಟ್ಟುಗಳ ಬಗ್ಗೆ ವರದಿ ಮಾಡಿದರು. ಕಣ್ಣಿನ ಮುಂಭಾಗದಲ್ಲಿ ರಕ್ತ ಸೇರುವುದು, ಪಾಪೆಯ ಸುತ್ತಲಿನ ಬಣ್ಣದ ಭಾಗ ಉರಿಯೂತದಿಂದ ನೋಯುವುದು, ಕೆಲವರಿಗೆ ಒಳಗಿನ ಅಕ್ಷಿಪಟದವರೆಗೂ ತೊಂದರೆ. ಆದರೆ ಕಣ್ಣು ಮುಚ್ಚಿದರೆ ಇದು ತಪ್ಪುವುದಿಲ್ಲ ಮಗಳೇ. ರೆಪ್ಪೆ ಬಹಳ ತೆಳು. ಹಿಡಿಯ ತುದಿಯೋ ಲೋಹದ ಕೊಂಡಿಯೋ ಬಂದು ಬಡಿದರೆ ಆ ರಭಸ ರೆಪ್ಪೆಯನ್ನು ದಾಟಿ ಗುಡ್ಡೆಗೇ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಟ್ಯೂಬನ್ನು ಹಿಡಿದಿಡಲು ಬಾಗಿಲ ಸಂದಿನಲ್ಲಿ ಸಿಕ್ಕಿಸಿದ ಪಟ್ಟಿ ಒಂದೊಂದೇ ಎಳೆತಕ್ಕೆ ಅಷ್ಟಷ್ಟೇ ಜಾರುತ್ತಿದ್ದರೆ ಅದನ್ನು ನೋಡಬೇಕಾದ ಕಣ್ಣೇ ಮುಚ್ಚಿರುತ್ತದೆ. ಜೊತೆಗೆ ಭಯಕ್ಕೆ ಹೆಗಲು ಕಿವಿಯವರೆಗೆ ಏರಿ ಕುತ್ತಿಗೆ ಬಿಗಿಯುತ್ತದೆ. ಬೆನ್ನಿಗೆ ಆಗಬೇಕಾದ ವ್ಯಾಯಾಮ ಕುತ್ತಿಗೆಯ ನೋವಾಗಿ ಮುಗಿಯುತ್ತದೆ.

ಯಾವುದು ಕಿತ್ತುಕೊಂಡರೆ ಯಾವುದು ಎತ್ತ ಹಾರುತ್ತದೆ ಎಂದು ಒಮ್ಮೆ ಯೋಚಿಸು. ಎಳೆದ ರಬ್ಬರ್ ಬಿಟ್ಟುಕೊಂಡಾಗ ಎಳೆದ ನೇರದಲ್ಲೇ ಓಡುತ್ತದೆ. ಹಿಡಿಯ ಬಳಿ ಹರಿದರೆ ಟ್ಯೂಬಿನ ಹೆಚ್ಚಿನ ಭಾಗ ಬಾಗಿಲ ಕಡೆಗೆ ಹೋಗುತ್ತದೆ, ನಿನ್ನ ಕೈಯಲ್ಲಿ ಹಿಡಿ ಮಾತ್ರ ಉಳಿಯುತ್ತದೆ, ನೀನು ಹಿಂದಕ್ಕೆ ತೂರಾಡಬಹುದು. ಬಾಗಿಲ ಬಳಿ ಹರಿದರೆ ಉದ್ದನೆಯ ತುಂಡು ನಿನ್ನ ಕಡೆಗೆ. ಸಿಕ್ಕಿಸಿದ ಪಟ್ಟಿಯೇ ಕಿತ್ತು ಬಂದರೆ ಇಡೀ ಟ್ಯೂಬು, ಪಟ್ಟಿ, ಅದರ ಗಟ್ಟಿ ಗುಬುಟಿನ ಸಮೇತ ನಿನ್ನ ಮುಖಕ್ಕೆ. ಹಾಗಾಗಿ ಮೊದಲು ಅನುಮಾನಪಡಬೇಕಾದದ್ದು ಬಾಗಿಲನ್ನು, ಆಮೇಲೆ ರಬ್ಬರನ್ನು.

ಬಾಗಿಲ ವಿಷಯದಲ್ಲಿ ಒಂದೇ ನಿಯಮ: ನೀನು ಎಳೆದಾಗ ಬಾಗಿಲು ಇನ್ನಷ್ಟು ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು. ಅಂದರೆ ನೀನು ನಿಂತ ಕಡೆಯಿಂದ ನೂಕಿದರೆ ತೆರೆಯುವ ಬಾಗಿಲಾಗಬೇಕು. ನಿನ್ನ ಕಡೆಗೆ ತೆರೆಯುವ ಬಾಗಿಲಾದರೆ ಪ್ರತಿ ಎಳೆತವೂ ಚಿಲಕದ ಮೇಲೆ ಬೀಳುತ್ತದೆ. ಹಾಗಿದ್ದರೆ ಅದೇ ಬಾಗಿಲ ಆಚೆ ಬದಿಗೆ ಹೋಗಿ ನಿಂತುಕೋ. ಪಟ್ಟಿಯನ್ನು ಚಿಲಕದ ಬದಿಗೆ ಹಾಕುವುದಕ್ಕಿಂತ ಕೀಲಿನ ಬದಿಗೆ ಹಾಕುವುದು ಮೇಲು, ಅಲ್ಲಿ ಬಾಗಿಲು ಅಲುಗಾಡುವುದಿಲ್ಲ. ಗುಬುಟು ಪೂರ್ತಿ ಆಚೆ ಬದಿಯಲ್ಲಿರಬೇಕು, ಸಂದಿನಲ್ಲಿ ಅರ್ಧ ಸಿಕ್ಕಿಕೊಂಡಿರಬಾರದು. ಬಾಗಿಲು ಮುಚ್ಚಿ, ಬೀಗ ಹಾಕಿ, ಮನೆಯವರಿಗೆ ಹೇಳಿ ಶುರುಮಾಡು. ಆಚೆಯಿಂದ ಯಾರೋ ತಿಳಿಯದೆ ಬಾಗಿಲು ತೆರೆದರೆ ಎಷ್ಟು ಎಚ್ಚರ ವಹಿಸಿದ್ದರೂ ಒಂದೇ.

ಪರೀಕ್ಷೆ ಮಾಡುವ ಕ್ರಮವೂ ಇದೆ. ಪಟ್ಟಿ ಗಟ್ಟಿಯಾಗಿ ಕೂತಿದೆಯೇ ಎಂದು ಟ್ಯೂಬನ್ನು ಎಳೆದು ಪರೀಕ್ಷೆ ಮಾಡಬೇಡ. ಟ್ಯೂಬ್ ಹಾಕುವ ಮೊದಲೇ ಬರೀ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಮೂರು ಸಲ ಬಲವಾಗಿ ಜಗ್ಗು. ಪಟ್ಟಿ ಹಿಗ್ಗುವುದಿಲ್ಲ, ಹಾಗಾಗಿ ಕಿತ್ತು ಬಂದರೂ ಕೈಯಲ್ಲೇ ಉಳಿಯುತ್ತದೆ, ಹಾರಿ ಹೊಡೆಯುವುದಿಲ್ಲ. ದಿನವೂ ಇಷ್ಟು ಮಾಡಿದರೆ ನಿನ್ನ ಭಯದ ಅರ್ಧ ಭಾಗ ಇಳಿದೀತು.

ನಾನು ನಿನ್ನ ಹತ್ತಿರ ಇದ್ದಿದ್ದರೆ ಆ ಬಾಗಿಲನ್ನು ನಾನೇ ನೋಡಿ ಬರುತ್ತಿದ್ದೆ. ದೂರ ಕೂತು ಬರೆಯುವುದೇ ನನ್ನ ಪಾಲಿಗೆ ಬಂದಿರುವ ಬೇಸರ. ನಮ್ಮ ಪ್ರಾಯದಲ್ಲಿ ಬಲವೆಂದರೆ ಎತ್ತುವುದು, ಎಳೆಯುವುದು ಅಷ್ಟೇ ಆಗಿತ್ತು. ಎಳೆದದ್ದನ್ನು ನಿಧಾನವಾಗಿ ಬಿಡುವುದರಲ್ಲೂ ಸ್ನಾಯುವಿಗೆ ಕೆಲಸವಿದೆ ಎಂದು ಹೇಳಿಕೊಡುವವರು ಇರಲಿಲ್ಲ. ಹೆಗಲು ಗಟ್ಟಿಯಿದ್ದ ಆ ವರ್ಷಗಳಲ್ಲಿ ಇದು ಗೊತ್ತಿದ್ದರೆ ಎಂಬ ಕೊರಗು ಈಗಲೂ ಇದೆ. ಇರಲಿ. ನಿನಗೆ ಅದು ಈಗಲೇ ಸಿಕ್ಕಿದೆ: ಎಳೆಯಲು ಒಂದೆರಡು ಸೆಕೆಂಡು, ತುದಿಯಲ್ಲಿ ಒಂದು ಕ್ಷಣ ನಿಲುಗಡೆ, ವಾಪಸು ಬಿಡಲು ಮೂರು ಸೆಕೆಂಡು. ಎಳೆಯುವಾಗ ಉಸಿರು ಬಿಡು, ಮರಳುವಾಗ ಎಳೆದುಕೋ, ಬಿಗಿಹಿಡಿಯಬೇಡ. ರಬ್ಬರು ತಾನೇ ಕೈಯನ್ನು ಕಿತ್ತುಕೊಂಡು ಹೋಗಲು ಬಿಟ್ಟರೆ ವ್ಯಾಯಾಮ ಅರ್ಧವೇ ಆಗುತ್ತದೆ, ಹಿಡಿ ಕೈತಪ್ಪುವುದೂ ಆಗಲೇ.

ಮತ್ತೆ ಆ ಭಯಕ್ಕೇ ಬರುತ್ತೇನೆ. ರಬ್ಬರು ಹೇಳದೆ ಕೇಳದೆ ಹರಿಯುವುದು ಕಡಿಮೆ. ಸಾಮಾನ್ಯವಾಗಿ ಮೊದಲೇ ಗುರುತು ತೋರಿಸುತ್ತದೆ, ನಾವು ನೋಡಿರುವುದಿಲ್ಲ ಅಷ್ಟೇ. ಬೆಳಕಿನಲ್ಲಿ ನಿಂತು ಟ್ಯೂಬನ್ನು ಅದರ ಉದ್ದದ ಒಂದೂವರೆ ಪಟ್ಟು ಮಾತ್ರ ಹಿಗ್ಗಿಸಿ, ಮುಖದಿಂದ ದೂರ ಹಿಡಿದು, ಸ್ವಲ್ಪ ಸ್ವಲ್ಪ ಭಾಗವಾಗಿ ಹೆಬ್ಬೆರಳಿನಿಂದ ತಡವುತ್ತಾ ಹೋಗು. ಅಡ್ಡಕ್ಕೆ ಬಿದ್ದ ಕೂದಲೆಳೆಯಂಥ ಬಿರುಕುಗಳು, ಉಗುರಿನಲ್ಲಿ ಗೀರಿದಂಥ ಸಣ್ಣ ಕಚ್ಚು, ಒಂದು ಕಡೆ ಮಾತ್ರ ತೆಳುವಾದದ್ದು, ಬಿಳಿಚಿಕೊಂಡದ್ದು, ಅಂಟಂಟು, ಇವುಗಳಲ್ಲಿ ಒಂದು ಕಂಡರೂ ಅದರ ಆಯುಸ್ಸು ಮುಗಿಯಿತು. ಹಿಡಿಯ ಹತ್ತಿರದ ಎರಡು ಅಂಗುಲವನ್ನು ಎರಡು ಸಲ ನೋಡು. ಒಳಗೆ ತುರುಕಿದ ಬಿರಡೆಯ ಮೇಲೆ ರಬ್ಬರು ಬಿಗಿಯಾಗಿ ಕೂತಿರುವುದೂ, ಹಿಡಿಯ ದಾರದ ಪಟ್ಟಿಗೆ ಉಜ್ಜುವುದೂ ಅಲ್ಲೇ. ಹರಿಯುವುದೂ ಹೆಚ್ಚಾಗಿ ಅಲ್ಲೇ. ಬಟ್ಟೆಯ ಕವಚದೊಳಗೆ ಬರುವ ಟ್ಯೂಬುಗಳೂ ಇವೆ, ಹರಿದರೂ ಕವಚ ಹಿಡಿದುಕೊಳ್ಳುತ್ತದೆ. ನಿನ್ನಂಥವಳಿಗೆ ಒಳ್ಳೆಯದೇ, ಆದರೆ ಒಳಗಿನ ಬಿರುಕು ಕಾಣುವುದಿಲ್ಲ. ಅದಕ್ಕೆ ಕೊಂಡ ದಿನಾಂಕವನ್ನು ಹಿಡಿಯ ಮೇಲೆ ಬರೆದಿಡು. ವಾರಕ್ಕೆ ಮೂರು ದಿನ ಬಳಸಿದರೆ ಆರು ತಿಂಗಳಿಂದ ವರ್ಷದೊಳಗೆ ಬದಲಾಯಿಸು.

ಹಾಳಾದದ್ದಕ್ಕೆ ಗಂಟು ಹಾಕಿ, ಟೇಪು ಸುತ್ತಿ ಮುಂದುವರಿಸಬೇಡ. ಗಂಟಿನ ಬಳಿ ರಬ್ಬರಿನ ಮೇಲೆ ಒತ್ತಡ ಒಂದೇ ಕಡೆ ಕೂಡಿಕೊಳ್ಳುತ್ತದೆ. ಎರಡು ತುಂಡು ಮಾಡಿ ಎಸೆ, ಇನ್ನೊಬ್ಬರು ಎತ್ತಿಕೊಂಡು ಬಳಸಬಾರದು.

ಬಿಸಿಲು, ಶಾಖ, ಎಣ್ಣೆ, ಗಾಳಿಯಲ್ಲಿನ ಓಜೋನ್ ನೈಸರ್ಗಿಕ ರಬ್ಬರಿಗೆ ಆಗದವು. ಅದರಲ್ಲೂ ಹಿಗ್ಗಿದ ಸ್ಥಿತಿಯಲ್ಲಿ ಬಿಟ್ಟರೆ ಬಿರುಕು ಬೇಗ. ಹಾಗಾಗಿ ಬಾಗಿಲಲ್ಲೇ ಸಿಕ್ಕಿಸಿಟ್ಟು, ಕಿಟಕಿಯ ಬಿಸಿಲಲ್ಲಿ ನೇತುಹಾಕಿ ಹೋಗಬೇಡ. ಬೆವರು ಒರೆಸಿ, ಸಡಿಲವಾಗಿ ಸುತ್ತಿ ಕತ್ತಲ ಕಪಾಟಿನಲ್ಲಿಡು. ಕೈಗೆ ಎಣ್ಣೆ, ಲೋಷನ್ ಹಚ್ಚಿದ್ದರೆ ತೊಳೆದು ಒರೆಸಿಕೊಂಡು ಹಿಡಿ. ಉಂಗುರ ಕಳಚಿಡು. ಸಣ್ಣ ಮಾತೆನಿಸಬಹುದು, ಆದರೆ ಉಂಗುರದ ಅಂಚಿನ ಒಂದು ಗೀರು ಸಾಕು.

ಎಷ್ಟು ಎಳೆಯಬೇಕೆಂದು ನೀನು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ಹರಿಯುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಸಡಿಲ ಉದ್ದದ ಎರಡೂವರೆ ಪಟ್ಟನ್ನು ಮಿತಿ ಎಂದಿಟ್ಟುಕೋ. ನಿನ್ನದು 120 ಸೆಂಟಿಮೀಟರಿನದಾಗಿದ್ದು ನಡುವೆ ಬಾಗಿಲ ಪಟ್ಟಿಗೆ ಸಿಕ್ಕಿಸಿದರೆ ಒಂದೊಂದು ಕೈಗೆ 60 ಸೆಂಟಿಮೀಟರ್; ಹಾಗಾದರೆ ಒಂದೊಂದು ಬದಿ 150 ದಾಟಬಾರದು. ಕೈಚಾಚಿ, ಟ್ಯೂಬು ಸ್ವಲ್ಪ ಬಿಗಿಯಾಗುವಲ್ಲಿ ನಿಂತು ಪಕ್ಕೆಯವರೆಗೆ ಎಳೆದರೆ ಸುಮಾರು 110 ಆಗುತ್ತದೆ, ಸರಿ. ಭಾರ ಸಾಲದೆಂದು ಇನ್ನೊಂದು ಅಡಿ ಹಿಂದೆ ಸರಿದರೆ 140ಕ್ಕೆ ಹೋಗಿ ಮಿತಿಯ ಹತ್ತಿರ ಬರುತ್ತದೆ. ಭಾರ ಬೇಕಾದಾಗ ಹಿಂದೆ ಸರಿಯುವುದನ್ನು ಬಿಟ್ಟು ದಪ್ಪ ಟ್ಯೂಬು ತೆಗೆದುಕೋ. ಬಣ್ಣ ನೋಡಿ ಮೋಸಹೋಗಬೇಡ. ಒಂದು ಕಂಪನಿಯ ಕೆಂಪು ಇನ್ನೊಂದರ ಕೆಂಪಿನಷ್ಟೇ ಬಿಗಿ ಇರಬೇಕೆಂದೇನಿಲ್ಲ. ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪಿನ ಗುರುತು ಹಾಕಿಕೋ. ಗುರುತಿಲ್ಲದಿದ್ದರೆ ಒಂದು ದಿನ ಎಳೆದ ಭಾರ ಇನ್ನೊಂದು ದಿನ ಇರುವುದಿಲ್ಲ, ಬಲ ಹೆಚ್ಚಿತೋ ಇಲ್ಲವೋ ತಿಳಿಯುವುದೂ ಇಲ್ಲ.

ಇದೇ ಲೆಕ್ಕದಲ್ಲಿ ನೋಡಿದರೆ ಟ್ಯೂಬಿನ ನಡುವನ್ನು ತುಳಿದು ನಿಂತು ಎರಡೂ ಕೈಯನ್ನು ತಲೆಯ ಮೇಲೆ ಎತ್ತುವುದು ಅಪಾಯದ್ದು. 60 ಸೆಂಟಿಮೀಟರಿನ ಬದಿಯನ್ನು ನೆಲದಿಂದ ಎತ್ತಿದ ಕೈಯವರೆಗೆ, ಅಂದರೆ ಮೂರು ಪಟ್ಟು ಎಳೆದಂತಾಯಿತು, ಅದೂ ಮುಖದ ಪಕ್ಕದಲ್ಲೇ. ಸದ್ಯಕ್ಕೆ ಅದನ್ನು ಬಿಡು. ಬಾಗಿಲ ಕಡೆ ಮುಖಮಾಡಿ ಹಣೆಯತ್ತ ಎಳೆಯುವುದನ್ನೂ, ಕಾಲು ಚಾಚಿ ಕೂತು ಪಾದಕ್ಕೆ ಸಿಕ್ಕಿಸಿ ಎಳೆಯುವುದನ್ನೂ ಬಿಡು. ಪಾದದಿಂದ ಜಾರಿದರೆ ಅದು ನೇರ ಕಣ್ಣಿಗೇ ಬರುತ್ತದೆ. ತುಳಿದು ನಿಂತು ಮಾಡುವುದೇನಿದ್ದರೂ ಟ್ಯೂಬು ಬೆರಳುಗಳ ಕೆಳಗೆ ಬೇಡ, ಪಾದದ ನಡುಭಾಗದ ಕೆಳಗೆ ಇರಲಿ. ಶೂ ಇರಲಿ, ಹಿಮ್ಮಡಿ ಎತ್ತಬೇಡ.

ಭಯ ಇರುವಷ್ಟು ದಿನ ಬಾಗಿಲಿಗೆ ಬೆನ್ನು ಮಾಡಿ ಮಾಡುವುದರಿಂದ ಶುರುಮಾಡು. ಎದೆಮಟ್ಟದಲ್ಲಿ ಸಿಕ್ಕಿಸಿ, ಒಂದು ಹೆಜ್ಜೆ ಮುಂದಿಟ್ಟು, ಎರಡೂ ಹಿಡಿಯನ್ನು ಮುಂದಕ್ಕೆ ನೂಕುವ ಚೆಸ್ಟ್ ಪ್ರೆಸ್. ಕಿತ್ತರೂ ಪೆಟ್ಟು ಬೆನ್ನಿಗೆ, ಕಣ್ಣಿಗಲ್ಲ. ಆಮೇಲೆ ಬಾಗಿಲಿಗೆ ಪಕ್ಕ ನಿಂತು ಎರಡೂ ಕೈಯಲ್ಲಿ ಒಂದೇ ಹಿಡಿ ಹಿಡಿದು ಎದೆಯಿಂದ ಮುಂದಕ್ಕೆ ಚಾಚಿ ದೇಹ ತಿರುಗದಂತೆ ನಿಲ್ಲುವುದು; ಹೊಟ್ಟೆ, ಸೊಂಟಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬೆನ್ನಿಗೆ ಎಳೆಯುವುದು ಬೇಕೇ ಬೇಕು, ಅದನ್ನು ಸೊಂಟದ ಮಟ್ಟದಲ್ಲಿ ಸಿಕ್ಕಿಸಿ ಮೊಣಕೈ ಪಕ್ಕೆಗೆ ತಾಗುವಂತೆ ಮಾಡು. ಎಳೆತದ ನೇರ ಹೊಟ್ಟೆಯ ಕಡೆಗಿರುತ್ತದೆ, ಮುಖ ಮೇಲುಳಿಯುತ್ತದೆ. ಇಲ್ಲಿ ಒಂದು ತೊಡಕಿದೆ: ರಬ್ಬರಿನ ಭಾರ ಎಳೆದಷ್ಟೂ ಏರುತ್ತದೆ, ಬೆನ್ನಿನ ಸ್ನಾಯು ಎಳೆತದ ಕೊನೆಯಲ್ಲೇ ದುರ್ಬಲ. ಆದ್ದರಿಂದ ಎದೆಗೆ ಬಳಸುವುದಕ್ಕಿಂತ ಹಗುರ ಟ್ಯೂಬು ಹಿಡಿದು ಪೂರ್ತಿ ಎಳೆ. ಬಿಗಿ ಟ್ಯೂಬಿನಲ್ಲಿ ಮುಕ್ಕಾಲು ದೂರ ಎಳೆದು ನಿಲ್ಲಿಸುವವರಿಗೆ ಹೆಗಲ ಮೂಳೆಗಳ ನಡುವಿನ ಭಾಗ ಸರಿಯಾಗಿ ಬಲವಾಗುವುದಿಲ್ಲ.

ಇಷ್ಟೆಲ್ಲ ಹೇಳಿ ನಿನ್ನನ್ನು ಇನ್ನಷ್ಟು ಹೆದರಿಸಿದೆನೇನೋ. ಕ್ರಮ ಸರಳ: ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು, ಒಂದೊಂದನ್ನೂ 10ರಿಂದ 15 ಸಲ, ಎರಡು ಸೆಟ್, ನಡುವೆ ಒಂದೂವರೆ ನಿಮಿಷ. ಕೊನೆಯ ಎರಡು ಮೂರು ಸಲ ಕಷ್ಟವಾಗಬೇಕು, ಆದರೆ ಭಂಗಿ ಕೆಡಬಾರದು. ಎರಡು ದಿನ ಸತತ 15 ಸುಲಭವಾದರೆ ದಪ್ಪದ್ದಕ್ಕೆ ಹೋಗು. ಕ್ರೀಡೆಯವರು ಹಾಕುವ ಪಾಲಿಕಾರ್ಬೊನೇಟ್ ಕನ್ನಡಕ ಒಂದನ್ನು ತೆಗೆದುಕೊಂಡರೆ ನನಗೂ ನಿದ್ದೆ ಬರುತ್ತದೆ. ನಾಚಿಕೊಳ್ಳಬೇಡ, ಬಾಗಿಲು ಮುಚ್ಚಿದ ಕೋಣೆಯಲ್ಲಿ ನೋಡುವವರು ಯಾರು?

ಬರೆಯಲು ಕೈ ಬರುತ್ತಿಲ್ಲ, ಆದರೂ ಗೊತ್ತಿರಲಿ. ಅಕಸ್ಮಾತ್ ಕಣ್ಣಿಗೆ ಬಡಿದರೆ ಉಜ್ಜಬೇಡ, ಒತ್ತಬೇಡ, ಐಸು ಇಟ್ಟು ಅದುಮಬೇಡ. ತಲೆ ಎತ್ತರವಿರುವಂತೆ ಒರಗಿ ಕೂತು, ಕಾಗದದ ಲೋಟದ ತಳವನ್ನು ಕಣ್ಣಿಗೆ ತಾಗದ ಹಾಗೆ ಎಲುಬಿನ ಮೇಲೆ ಇಟ್ಟು ಅಂಟಿಸಿ, ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗು. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್ ನುಂಗಬೇಡ, ರಕ್ತಸ್ರಾವ ಹೆಚ್ಚಬಹುದು. ಮರುದಿನ ಸರಿಯಾಯಿತೆಂದು ಸುಮ್ಮನಾಗುವಂತಿಲ್ಲ. ಮೊದಲ ಕೆಲವು ದಿನಗಳಲ್ಲಿ ಮತ್ತೆ ರಕ್ತ ಸೇರಬಹುದು. ಮಿಂಚು, ಕಪ್ಪು ಚುಕ್ಕೆಗಳು, ಪರದೆ ಇಳಿದಂತಾಗುವುದು ವಾರಗಳ ನಂತರ ಕಂಡರೂ ತಡಮಾಡಬಾರದು.

ಮುಂದಿನ ಕಾಗದದಲ್ಲಿ ಮೂರು ವಿಷಯ ತಪ್ಪದೆ ಬರೆ: ನೀನು ನಿಲ್ಲುವ ಕಡೆಯಿಂದ ಆ ಬಾಗಿಲು ಎತ್ತ ತೆರೆಯುತ್ತದೆ, ಟ್ಯೂಬಿನ ಸಡಿಲ ಉದ್ದ ಎಷ್ಟು, ಹಿಡಿಯ ಬಳಿ ಏನಾದರೂ ಬಿರುಕು ಕಂಡಿತೇ. ಅದು ಬರುವವರೆಗೆ ಬಾಗಿಲ ಕಡೆ ಮುಖಮಾಡಿ ಏನನ್ನೂ ಎಳೆಯಬೇಡ ಮಗಳೇ.

ಇಂತಿ ನಿನ್ನ
ದೊಡ್ಡಪ್ಪ

ಮರೆತೆ: ಅಂಗೈ ಕೆಂಪಾಗಿ ತುರಿಸುತ್ತದೆ ಎಂದೂ ಒಂದು ಕಡೆ ಬರೆದಿದ್ದೆಯಲ್ಲ. ಅದು ಲೇಟೆಕ್ಸ್ ಒಗ್ಗದಿರುವುದರ ಗುರುತಾಗಿರಬಹುದು. ಲೇಟೆಕ್ಸ್ ಇಲ್ಲದ ಟ್ಯೂಬುಗಳೂ ಸಿಗುತ್ತವೆ, ಅದಕ್ಕೆ ಬದಲಾಯಿಸು. ತುಟಿ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆಗೆ ಹೋಗು.