ಮರಿ ಕಾಲು ಊರುವ ತನಕ

ಪುಟ್ಟೀ,

ನೀನು ಕಳಿಸಿದ ವಿಡಿಯೋ ನೋಡಿದೆ, ರಿಪೋರ್ಟುಗಳನ್ನೂ ಓದಿದೆ. ಫೋನಿನಲ್ಲಿ ನೀನು ಅಳುತ್ತಿದ್ದೆ, ಹಿಂದಿನಿಂದ ನಿಮ್ಮತ್ತೆಯವರು ಏನೋ ಹೇಳುತ್ತಿದ್ದರು, ನನ್ನ ಮಾತು ಅರ್ಧವೂ ನಿನ್ನ ಕಿವಿಗೆ ಬಿದ್ದಿರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಿಸು.

ಮೊದಲು ಸಮಾಧಾನ ಮಾಡಿಕೋ. ನಿನ್ನ ಮಗ ಮರಿ 4 ವರ್ಷದ ಹುಡುಗ, ಹೋದ ವಾರ ನೆಗಡಿ ಕೆಮ್ಮು ಇತ್ತು, ಮೊನ್ನೆ ಬೆಳಗ್ಗೆ ಎದ್ದವನು ಬಲಗಾಲು ಊರಲಿಲ್ಲ, ಆದರೆ ಜ್ವರ ಇಲ್ಲ, ಊಟ ಮಾಡುತ್ತಾನೆ, ಕೂತಲ್ಲೇ ಕಾರು ಓಡಿಸುತ್ತಾನೆ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ಇಂಥ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. 3ರಿಂದ 10 ವರ್ಷದ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಜಾಸ್ತಿ. ನೆಗಡಿಯಂಥ ವೈರಸ್ ಬಂದುಹೋದ ಮೇಲೆ ಸೊಂಟದ ಕೀಲಿನ ಒಳಪೊರೆ ಊದಿಕೊಂಡು ಸ್ವಲ್ಪ ನೀರು ತುಂಬುತ್ತದೆ. ಡಾಕ್ಟರ್ ಚೀಟಿಯಲ್ಲಿ ಟ್ರಾನ್ಸಿಯೆಂಟ್ ಸೈನೋವೈಟಿಸ್ ಅಂತ ಬರೆದಿರುವುದು ಇದನ್ನೇ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ನೋವು ಇಳಿಯುತ್ತದೆ, ಒಂದೆರಡು ವಾರದಲ್ಲಿ ಪೂರ್ತಿ ಹೋಗುತ್ತದೆ.

"ಮಗು ಮಂಡಿ ನೋವು ಅಂದರೆ ಇವರು ಸೊಂಟ ಸ್ಕ್ಯಾನ್ ಮಾಡಿಸುತ್ತಾರೆ, ಸುಮ್ನೆ ದುಡ್ಡು" ಅಂದೆಯಲ್ಲ, ಅದು ಹಾಗಲ್ಲ ಕಣೇ. ಸೊಂಟದ ಕೀಲಿಗೂ ಮಂಡಿಗೂ ಹೋಗುವ ನರ ಒಂದೇ. ಅದಕ್ಕೇ ಸೊಂಟದಲ್ಲಿ ತೊಂದರೆ ಇದ್ದರೂ ಮಗು ಮಂಡಿಯನ್ನೋ ತೊಡೆಯನ್ನೋ ತೋರಿಸುತ್ತದೆ. ಮಂಡಿಯ ಎಕ್ಸ್‌ರೇ ಮಾತ್ರ ತೆಗೆಸಿ, ಏನೂ ಇಲ್ಲ ಅಂದುಕೊಂಡು ಮನೆಗೆ ಹೋದವರು ಇದ್ದಾರೆ. ನಿಮ್ಮ ಡಾಕ್ಟರ್ ಸೊಂಟ ನೋಡಿದರು ಅಂದಾಗ ನನಗೆ ನಿಜವಾಗಿ ನೆಮ್ಮದಿ ಆಯಿತು.

ರಕ್ತ ಯಾಕೆ ತೆಗೆದರು ಅನ್ನುವುದನ್ನೂ ಹೇಳಿಬಿಡುತ್ತೇನೆ, ಈ ಕಾಗದದಲ್ಲಿ ಮುಖ್ಯವಾದದ್ದು ಇದೇ. ಸ್ಕ್ಯಾನಿನಲ್ಲಿ ಕೀಲಿನೊಳಗೆ ನೀರು ಇದೆ ಅಂತ ಗೊತ್ತಾಗುತ್ತದೆ. ಆದರೆ ಅದು ಬರೀ ನೀರೋ ಕೀವೋ ಅಂತ ಸ್ಕ್ಯಾನ್ ಖಚಿತವಾಗಿ ಹೇಳುವುದಿಲ್ಲ. ಕೀವಾಗಿದ್ದರೆ ಕಥೆಯೇ ಬೇರೆ. ಬ್ಯಾಕ್ಟೀರಿಯಾ ಸೇರಿಕೊಂಡ ಕೀಲು ಕೆಲವೇ ದಿನಗಳಲ್ಲಿ ಕೆಡಬಹುದು, ಸೊಂಟದಲ್ಲಾದರೆ ತೊಡೆಮೂಳೆಯ ತಲೆಗೆ ಹೋಗುವ ರಕ್ತವೂ ನಿಲ್ಲಬಹುದು, ಆಮೇಲೆ ಮಗು ಜೀವನಪೂರ್ತಿ ಕುಂಟುವ ಹಾಗೆ ಆಗಬಹುದು. ಅದಕ್ಕೆ ಅವತ್ತೇ ಆಪರೇಷನ್ ಮಾಡಿ ಕೀಲು ತೊಳೆಯುತ್ತಾರೆ. 1999ರಲ್ಲಿ ಬಾಸ್ಟನ್ನಿನ ಡಾಕ್ಟರುಗಳು ಇವೆರಡನ್ನು ಬೇರೆ ಮಾಡಿ ನೋಡಲು ನಾಲ್ಕು ಗುರುತು ಹೇಳಿದರು: ಜ್ವರ 101.3 ಡಿಗ್ರಿ ದಾಟಿರುವುದು, ಕಾಲು ಊರಲು ಆಗದಿರುವುದು, ಇಎಸ್‌ಆರ್ (ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ರಕ್ತ ಪರೀಕ್ಷೆ) 40 ದಾಟಿರುವುದು, ಬಿಳಿ ರಕ್ತಕಣ 12,000 ದಾಟಿರುವುದು. ಇವು ಕೂಡಿದಷ್ಟೂ ಕೀವಿನ ಅನುಮಾನ ಗಟ್ಟಿಯಾಗುತ್ತದೆ. ನಿನ್ನ ಮಗನಿಗೆ ಇರುವುದು ಒಂದೇ, ಕಾಲು ಊರುತ್ತಿಲ್ಲ. ರಕ್ತದ ರಿಪೋರ್ಟ್ ಚೆನ್ನಾಗಿದೆ. ಅದಕ್ಕೇ ಮನೆಗೆ ಕಳಿಸಿದ್ದಾರೆ.

ಆದರೆ ಅದು ಮೊನ್ನೆಯ ರಿಪೋರ್ಟ್. ನಾಳೆ ಏನಾಗುತ್ತದೆ ಅಂತ ಹೇಳುವ ರಿಪೋರ್ಟ್ ಯಾವ ಲ್ಯಾಬಿನಲ್ಲೂ ಸಿಗುವುದಿಲ್ಲ, ಅದನ್ನು ನೋಡಬೇಕಾದವಳು ನೀನು. ಒಂದು ಹಾಳೆ ತೆಗೆದುಕೋ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಥರ್ಮಾಮೀಟರ್ ಇಟ್ಟು ಜ್ವರ ಬರೆದಿಡು, ಕೈಯಿಂದ ಹಣೆ ಮುಟ್ಟಿ ನೋಡುವುದು ಸಾಲದು. ಔಷಧಿ ಕೊಟ್ಟ ಹೊತ್ತನ್ನೂ ಬರಿ, ಯಾಕೆಂದರೆ ನೋವಿನ ಔಷಧಿಯೇ ಜ್ವರವನ್ನೂ ಮುಚ್ಚಿಡುತ್ತದೆ, ಮುಂದಿನ ಡೋಸ್ ಕೊಡುವ ಮೊದಲು ನೋಡಿದ ಜ್ವರವೇ ಸರಿಯಾದದ್ದು. ಚಡ್ಡಿ ಹಾಕುವಾಗ ಕಾಲು ಮಡಿಸಿದರೆ ಕಿರುಚುತ್ತಾನಾ, ನೆನ್ನೆಗಿಂತ ಕಮ್ಮಿಯಾ ಜಾಸ್ತಿಯಾ, ಇಷ್ಟು ಸಾಕು. ಗಂಟೆಗೊಮ್ಮೆ ಎಬ್ಬಿಸಿ ನಡೆಸಿ ನೋಡಬೇಡ.

ಜ್ವರ 101 ಮುಟ್ಟಿದರೆ, ಅಥವಾ ಕಾಲು ಒಂದಿಷ್ಟೂ ಅಲ್ಲಾಡಿಸಲು ಬಿಡದೆ ಮಗು ಮಂಕಾಗಿ ಮಲಗಿಬಿಟ್ಟರೆ, ಸೋಮವಾರದ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡ. ರಾತ್ರಿ ಎರಡು ಗಂಟೆಯಾದರೂ ಹೊರಡು. ರಸ್ತೆ ಮೂಲೆಯ ಚಿಕ್ಕ ಕ್ಲಿನಿಕ್ಕುಗಳನ್ನು ಸುತ್ತಬೇಡ, ಮಕ್ಕಳ ಡಾಕ್ಟರೂ ಮೂಳೆ ಡಾಕ್ಟರೂ ಇಬ್ಬರೂ ಸಿಗುವ ದೊಡ್ಡ ಆಸ್ಪತ್ರೆಗೇ ಹೋಗು. ನಿಮ್ಮ ಬನಶಂಕರಿಯಿಂದ ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ರಾತ್ರಿ ಹೊತ್ತು ದೂರವೇನಲ್ಲ, ಹಗಲಾದರೆ ಟ್ರಾಫಿಕ್ ಲೆಕ್ಕ ಹಾಕಿ ಬೇಗ ಹೊರಡು. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡು. ದಾರಿಯಲ್ಲಿ ಬಿಸ್ಕೆಟ್ಟು ಹಾಲು ಕೊಡಬೇಡ, ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರುವುದು ಒಳ್ಳೆಯದು.

ಈಗ ನಿಮ್ಮತ್ತೆಯವರ ವಿಷಯ. ಅವರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಎದುರು ಮಾತಾಡಬೇಡ. ಆದರೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕುವುದು, ಕಾಲು ಎಳೆದು ಉಳುಕು ತೆಗೆಸುವುದು, ಕಟ್ಟು ಹಾಕಿಸುವುದು ಯಾವುದೂ ಬೇಡ. ಊದಿಕೊಂಡ ಕೀಲನ್ನು ಎಳೆದರೆ ನೋವು ಜಾಸ್ತಿಯಾಗುತ್ತದೆ, ಕಟ್ಟಿನೊಳಗೆ ಕಾಲು ಹೇಗಿದೆ ಅಂತ ಕಾಣುವುದೂ ಇಲ್ಲ. ದೃಷ್ಟಿ ತೆಗೆಯುತ್ತೇನೆ ಅಂದರೆ ತೆಗೆಯಲಿ ಬಿಡು, ಅದರಿಂದ ಮಗುವಿಗೆ ತೊಂದರೆ ಇಲ್ಲ, ಅವರ ಮನಸ್ಸಿಗೂ ಸಮಾಧಾನ. ಇದು ಬೆಳೆಯುವ ನೋವು ಅಂತಲೂ ಅವರು ಹೇಳಿದರಂತೆ. ಬೆಳೆಯುವ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಸಂಜೆ ರಾತ್ರಿ ಬರುತ್ತದೆ, ಬೆಳಗ್ಗೆ ಮಗು ಏನೂ ಆಗದ ಹಾಗೆ ಓಡಾಡುತ್ತದೆ. ಒಂದೇ ಕಾಲು ನೋಯುತ್ತಾ, ಹಗಲಲ್ಲೂ ಕುಂಟುತ್ತಾ ಇದ್ದರೆ ಅದು ಬೆಳೆಯುವ ನೋವಲ್ಲ.

"ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಅಂತ ಯಾರೂ ಕೇಳಬೇಡಿ. ಚಿಕ್ಕ ಮಕ್ಕಳ ಕುಂಡಿಗೆ ಚುಚ್ಚಿದ ಸೂಜಿ ನರಕ್ಕೆ ತಗಲಿ ಪಾದ ಜೋತುಬಿದ್ದದ್ದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ, ಆ ತಾಯಂದಿರ ಮುಖ ಮರೆಯಲು ಆಗುವುದಿಲ್ಲ. ಇದಕ್ಕೆ ಬಾಯಿಗೆ ಕೊಡುವ ಔಷಧಿಯೇ ಸಾಕು. ಐಬುಪ್ರೊಫೇನ್ ಬರೆದಿದ್ದಾರೆ, ಹೊಟ್ಟೆಗೆ ಏನಾದರೂ ಕೊಟ್ಟು ಆಮೇಲೆ ಕೊಡು, ಡೋಸ್ ಅವರು ತೂಕ ನೋಡಿ ಬರೆದಷ್ಟೇ. ಆದರೆ ನಡುವೆ ಜ್ವರ ಶುರುವಾದರೆ ಅದನ್ನು ನಿಲ್ಲಿಸಿ ಡಾಕ್ಟರಿಗೆ ತಿಳಿಸು. ಮಳೆಗಾಲದ ಬೆಂಗಳೂರಿನಲ್ಲಿ ಡೆಂಗಿ ಎಲ್ಲಿ ಬೇಕಾದರೂ ಇರುತ್ತದೆ, ಡೆಂಗಿಯಲ್ಲಿ ಐಬುಪ್ರೊಫೇನ್ ರಕ್ತಸ್ರಾವ ತರಬಹುದು, ಆಗ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್ ಅಂತೂ ಮಕ್ಕಳಿಗೆ ಬೇಡವೇ ಬೇಡ.

ಇನ್ನೊಂದು ವ್ಯತ್ಯಾಸ ನಿನಗೆ ಗೊತ್ತಿರಲಿ. ನೋವಿನಿಂದ ಕಾಲು ಊರದಿರುವುದು ಬೇರೆ, ಶಕ್ತಿಯೇ ಇಲ್ಲದೆ ಕಾಲು ಕುಸಿಯುವುದು ಬೇರೆ. ಎರಡೂ ಕಾಲು ಸೋತು, ಎದ್ದರೆ ಬೀಳುತ್ತಾ, ಆಮೇಲೆ ಕೈಗೂ ನುಂಗುವುದಕ್ಕೂ ಕಷ್ಟ ಆದರೆ ಅದು ನರದ ಕಾಯಿಲೆ ಇರಬಹುದು, ಒಂದು ಗಂಟೆಯೂ ಕಾಯುವ ಹಾಗಿಲ್ಲ. 15 ವರ್ಷದೊಳಗಿನ ಯಾವ ಮಗುವಿಗೆ ಹೀಗೆ ಹಠಾತ್ತಾಗಿ ಕಾಲು ಸೋತರೂ ಸರ್ಕಾರಕ್ಕೆ ತಿಳಿಸಬೇಕು, ಪೋಲಿಯೋ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಮಲ ಪರೀಕ್ಷೆಗೆ ಕಳಿಸುತ್ತಾರೆ. ನಮ್ಮ ದೇಶದಲ್ಲಿ ಕೊನೆಯ ಪೋಲಿಯೋ ಕೇಸ್ ಸಿಕ್ಕಿದ್ದು 2011ರ ಜನವರಿಯಲ್ಲಿ, 2014ರ ಮಾರ್ಚಿನಲ್ಲಿ ಪೋಲಿಯೋ ಮುಕ್ತ ಅಂತ ಘೋಷಣೆಯಾಯಿತು. ಆ ಕಾವಲು ಇನ್ನೂ ನಡೆಯುತ್ತಲೇ ಇದೆ. ನಾವು ನರ್ಸುಗಳು ಮನೆಮನೆ ತಿರುಗಿ ಹನಿ ಹಾಕಿದ ಕೆಲಸ, ಅದಕ್ಕೇ ಹೇಳುವಾಗ ಸ್ವಲ್ಪ ಜಾಸ್ತಿ ಹೇಳಿದೆ. ನಿನ್ನ ಮಗನಿಗೆ ಅದ್ಯಾವುದೂ ಇಲ್ಲ, ವಿಡಿಯೋದಲ್ಲಿ ಇನ್ನೊಂದು ಕಾಲಿನಿಂದ ತಂಗಿಯನ್ನು ಒದೆಯುತ್ತಿದ್ದ.

ಆ ತಂಗಿಯ ವಿಷಯವೂ ಒಂದು ಮಾತು. ಪಾರ್ಕಿನಲ್ಲಿ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಜಾರುಬಂಡೆ ಜಾರಬೇಡ. ಮಗುವಿನ ಪಾದ ಪಕ್ಕಕ್ಕೆ ಸಿಕ್ಕಿಕೊಂಡರೆ ದೊಡ್ಡವರ ಭಾರಕ್ಕೆ ಮಂಡಿ ಕೆಳಗಿನ ಮೂಳೆ ತಿರುಚಿ ಬಿರುಕು ಬಿಡುತ್ತದೆ, ಮೊದಲ ಎಕ್ಸ್‌ರೇಯಲ್ಲಿ ಕೆಲವು ಸಲ ಕಾಣುವುದೂ ಇಲ್ಲ. ಮರಿ ಎಲ್ಲಾದರೂ ಬಿದ್ದನಾ ಅಂತಲೂ ಬೈಯದೆ ಕೇಳು. ಬೈದರೆ ಮಕ್ಕಳು ಮುಚ್ಚಿಡುತ್ತಾರೆ. ಶಾಲೆಯ ಆಯಾಳನ್ನೂ ಒಮ್ಮೆ ವಿಚಾರಿಸು.

ಸ್ನಾನ ಮಾಡಿಸುವಾಗ ಹೊಟ್ಟೆಯ ಕೆಳಗೆ, ಬೀಜದ ಹತ್ತಿರ ಊತ ಏನಾದರೂ ಇದೆಯಾ ನೋಡು. ಗಂಡುಮಗು ಅಲ್ಲಿಯ ನೋವಿಗೂ ಕುಂಟುತ್ತದೆ, ಹೇಳಲು ಬರುವುದಿಲ್ಲ. ಊತ ಕಂಡರೆ ಅವತ್ತೇ, ಆಗಲೇ ಹೋಗಬೇಕು.

ವಾರದಲ್ಲಿ ಸರಿಹೋದ ಅಂತ ಮತ್ತೆ ತೋರಿಸುವುದನ್ನು ಬಿಡಬೇಡ. ಎರಡು ವಾರ ಕಳೆದರೂ ಸ್ವಲ್ಪ ಕುಂಟುತ್ತಿದ್ದರೆ ಮತ್ತೆ ಎಕ್ಸ್‌ರೇ ಕೇಳು. ಪರ್ತೀಸ್ ಅಂತ ಒಂದು ಕಾಯಿಲೆ ಇದೆ, ಈ ವಯಸ್ಸಿನ ಗಂಡುಮಕ್ಕಳಿಗೇ ಜಾಸ್ತಿ, ತೊಡೆಮೂಳೆಯ ತಲೆಗೆ ರಕ್ತ ಕಮ್ಮಿಯಾಗಿ ಅದು ಮೆತ್ತಗಾಗುತ್ತದೆ, ಶುರುವಿನ ಎಕ್ಸ್‌ರೇಯಲ್ಲಿ ಗೊತ್ತೇ ಆಗದಿರಬಹುದು. ಮುಖ ಬಿಳಿಚಿಕೊಂಡರೆ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಬಿದ್ದರೆ, ರಾತ್ರಿ ನೋವಿಗೆ ಎದ್ದು ಅಳುತ್ತಿದ್ದರೆ ಎರಡು ವಾರ ಕಾಯದೆ ರಕ್ತ ಪರೀಕ್ಷೆ ಮತ್ತೆ ಮಾಡಿಸಬೇಕು.

ಅಲ್ಲಿಯವರೆಗೆ ಹಾಸಿಗೆಯಲ್ಲೇ ಆಟ. ಮೆಟ್ಟಿಲು ಬೇಡ, ಸೈಕಲ್ಲು ಬೇಡ, ಶಾಲೆಗೆ ರಜೆ ಹಾಕು. ಬಾತ್‌ರೂಮಿಗೆ ಎತ್ತಿಕೊಂಡೇ ಹೋಗು. ನಿನಗೆ ಆಫೀಸಿಗೆ ರಜೆ ಸಿಗದಿದ್ದರೆ ಹೇಳು, ನಾನು ಬಂದು ಒಂದು ವಾರ ಇರುತ್ತೇನೆ, ನಿಮ್ಮತ್ತೆಯವರ ಜೊತೆ ನಾನೇ ಮಾತಾಡುತ್ತೇನೆ. ಜ್ವರ ಬರೆದ ಹಾಳೆಯ ಫೋಟೋ ದಿನಾ ರಾತ್ರಿ ಕಳಿಸು.

ನಿನ್ನ ದೊಡ್ಡಮ್ಮ