ಮಗಳನ್ನು ಆಡಿಸಲು ಕೂತ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮಗಳಿಗೆ ಎಂಟು ತಿಂಗಳು ತುಂಬಿತೆಂದು ಬರೆದಿದ್ದೆ. ಜೊತೆಗೊಂದು ದೂರೂ ಇತ್ತು: ಅಮ್ಮ ಆಡಿಸಿದರೆ ಕೇಕೆ ಹಾಕುತ್ತಾಳೆ, ನಾನು ಆಡಿಸಿದರೆ ಎರಡೇ ನಿಮಿಷಕ್ಕೆ ಮುಖ ತಿರುಗಿಸುತ್ತಾಳೆ ಅಂತ. ಅದು ಮುನಿಸಲ್ಲ ಮಾರಾಯ. ಮಾತು ಬಾರದ ಮಗು 'ಸ್ವಲ್ಪ ತಡಿ' ಅನ್ನುವುದೇ ಹಾಗೆ. ಆಗ ಗಿಲಕಿಯನ್ನು ಇನ್ನೂ ಜೋರಾಗಿ ಅಲ್ಲಾಡಿಸಬೇಡ, ಸುಮ್ಮನೆ ಕೂತಿರು. ಸ್ವಲ್ಪ ಹೊತ್ತಿಗೆ ಅವಳೇ ತಿರುಗಿ ನೋಡಿದರೆ ಆಟ ಮುಂದುವರಿಸು. ಕಣ್ಣುಜ್ಜಿಕೊಂಡು, ಬೆನ್ನು ಸೆಟೆಸಿ ರಾಗ ಎಳೆದರೆ ಆಟ ಮುಗಿಯಿತು. ನಿದ್ದೆಯೋ ಹಸಿವೋ ನೋಡು.

ಮೊದಲು ಅಂಗೈ ಮೇಲೆ ಅನ್ನ ಕಲಸುವ ಆಟ ಹಿಡಿ. ನೀನು ಗೋಡೆಗೊರಗಿ ಮೊಣಕಾಲು ಮಡಚಿ ಕೂತು, ಅವಳ ಬೆನ್ನು ನಿನ್ನ ತೊಡೆಗೆ ಆನುವಂತೆ ಎದುರುಮುಖವಾಗಿ ಕೂರಿಸಿಕೋ. ಅವಳ ಅಂಗೈ ಬಿಡಿಸಿ, ತೋರುಬೆರಳಲ್ಲಿ ನಿಧಾನವಾಗಿ ಸುತ್ತು: ಅನ್ನ ಹಾಕಿ, ತೊವ್ವೆ ಹಾಕಿ, ತುಪ್ಪ ಹಾಕಿ. ಆಮೇಲೆ ಒಂದೊಂದೇ ಬೆರಳು ಮಡಚುತ್ತಾ ಇದು ಅಮ್ಮಂಗೆ, ಇದು ಅಜ್ಜಿಗೆ, ಇದು ತಾತಂಗೆ, ಇದು ಅಪ್ಪಂಗೆ, ಕಿರುಬೆರಳಿನದು ಕಾಗೆಗೆ. ನಂತರ ಎರಡು ಬೆರಳಲ್ಲಿ ಮಣಿಕಟ್ಟಿನಿಂದ 'ಇರುವೆ ಬಂತು, ಇರುವೆ ಬಂತು' ಎನ್ನುತ್ತಾ ಮೇಲೆ ಹತ್ತು. ಮೊಣಕೈ ಹತ್ತಿರ ನಿಲ್ಲು. ಒಂದೆರಡು ಸೆಕೆಂಡು ಅವಳ ಕಣ್ಣನ್ನೇ ನೋಡು. ಆಮೇಲೆ ಕಂಕುಳಿಗೆ ಕಚಗುಳಿ.

ಅಪ್ಪಂದಿರು ಕೆಡಿಸುವುದು ಇಲ್ಲೇ. ನೇರವಾಗಿ ಕಂಕುಳಿಗೇ ಕೈ ಹಾಕುತ್ತಾರೆ. ಮಜಾ ಇರುವುದು ಆ ನಿಲ್ಲುವಿಕೆಯಲ್ಲಿ. ಮುಂದೇನು ಬರುತ್ತದೆಂದು ಗೊತ್ತಿದ್ದರೆ ತಾನೇ ಕಾಯುವುದು? ಅದಕ್ಕೆ ಶುರುವಿನಲ್ಲಿ ಪದ, ಧಾಟಿ, ವೇಗ ಯಾವುದನ್ನೂ ಬದಲಿಸಬೇಡ. ನಿನಗೆ ಬೇಜಾರಾದರೂ ಅವಳಿಗಾಗುವುದಿಲ್ಲ. ಮೊಣಕೈ ದಾಟುವ ಮೊದಲೇ ಭುಜ ಕುಗ್ಗಿಸಿ ನಗತೊಡಗಿದಳೆಂದರೆ ಆಟ ಅವಳಿಗೆ ಬಂತು. ಆಮೇಲೆ ನಿಲ್ಲುವ ಹೊತ್ತನ್ನು ಹೆಚ್ಚಿಸುತ್ತಾ ಹೋಗು. ಕಚಗುಳಿ ಮಾತ್ರ ಎರಡು ಮೂರು ಸೆಕೆಂಡು ಸಾಕು. ಬೇಡವಾದಾಗಲೂ ಮಕ್ಕಳಿಗೆ ನಗು ತಾನಾಗಿ ಬರುತ್ತದೆ, ಅದನ್ನು ನಂಬಬೇಡ. ಕೈ ತೆಗೆದು ಕಾಯಿ. ನಿನ್ನ ಬೆರಳು ಹಿಡಿದೆಳೆದರೆ ಇನ್ನೊಂದು ಸಲ.

ಟವೆಲಿನ ಮರೆಯಲ್ಲಿ ಮುಖ ಮುಚ್ಚಿ ತೆಗೆಯುವ ಆಟಕ್ಕೂ ಇದೇ ಸರಿಯಾದ ವಯಸ್ಸು. ಕಣ್ಣಿಗೆ ಕಾಣದ್ದೂ ಇದ್ದೇ ಇರುತ್ತದೆ ಎಂದು ಅವಳಿಗೀಗ ತಿಳಿಯತೊಡಗಿದೆ. ಮುಚ್ಚಬೇಕಾದದ್ದು ನಿನ್ನ ಮುಖ, ಅವಳದ್ದಲ್ಲ. ಮರೆಯಿಂದಲೇ 'ಕೂ' ಅನ್ನುತ್ತಿರು, ಇಲ್ಲವಾದರೆ ಅಪ್ಪ ಹೋದನೆಂದು ತುಟಿ ಸೊಟ್ಟಗಾಗುತ್ತದೆ. ಮೂರು ಸಲ ಬಲಗಡೆ ಇಣುಕಿ, ನಾಲ್ಕನೆಯ ಸಲ ಎಡಗಡೆ ಇಣುಕು.

ಮೇಲಕ್ಕೆ ಎಸೆದು ಹಿಡಿಯುವುದು ಬೇಡವೇ ಬೇಡ. ಫ್ಯಾನು, ಬಾಗಿಲ ಮೇಲ್ಪಟ್ಟಿ ಒಂದು ಕಡೆ. ಎಣ್ಣೆ ಹಚ್ಚಿದ ಮೈ ಜಾರುವುದು ಇನ್ನೊಂದು ಕಡೆ. ಹಿಡಿದು ಜೋರಾಗಿ ಅಲುಗಾಡಿಸುವುದಂತೂ ಯಾವ ಕಾರಣಕ್ಕೂ ಕೂಡದು. ಎಳೆಯ ಕತ್ತಿಗೆ ತಲೆಯ ಭಾರ ತಡೆಯುವ ಬಲವಿಲ್ಲ, ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಎತ್ತುವಾಗ ಎರಡೂ ಕಂಕುಳಿಗೆ ಕೈ ಕೊಡು. ಮುಂಗೈ ಹಿಡಿದೆಳೆದರೆ, ತೂಗಿದರೆ ಮೊಣಕೈ ಕೀಲಿನ ಎಲುಬು ಸರಿಯಬಹುದು. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಸಾಮಾನ್ಯ. ಮಗು ಆ ಕೈ ಎತ್ತುವುದನ್ನೇ ಬಿಟ್ಟು ಅಳುತ್ತದೆ. ಆಗ ಮನೆಯಲ್ಲಿ ನೀವಿಸುವುದು, ಎಳೆಯುವುದು ಬಿಟ್ಟು ಡಾಕ್ಟರ ಹತ್ತಿರ ಹೋಗು. ಸಾಮಾನ್ಯವಾಗಿ ಅವರು ಕ್ಷಣದಲ್ಲಿ ಕೂರಿಸಿಬಿಡುತ್ತಾರೆ.

ಹಾಲು ಕುಡಿದು ಅರ್ಧ ಗಂಟೆ ಕುಣಿಸಬೇಡ, ಕಕ್ಕುತ್ತಾಳೆ. ಮಲಗುವ ಹೊತ್ತಿಗೆ ಕಚಗುಳಿ ಬಿಟ್ಟು ಅನ್ನ ಕಲಸುವುದಷ್ಟೇ ಸಾಕು. ಉಗುರು ಕತ್ತರಿಸಿಕೋ, ವಾಚು ಬಿಚ್ಚಿಡು. ಗಡ್ಡ ಬೋಳಿಸದ ದಿನ ಹೊಟ್ಟೆಗೆ ಬಾಯಿಟ್ಟು 'ಬುರ್ರ್' ಅನ್ನಬೇಡ, ಚರ್ಮ ಕೆಂಪಾಗುತ್ತದೆ. ಕನ್ನಡಕವನ್ನಂತೂ ಆಟಕ್ಕೆ ಮೊದಲೇ ಎತ್ತರದಲ್ಲಿಡು. ಆ ವಯಸ್ಸಿನ ಕೈಗೆ ಸಿಕ್ಕ ಕನ್ನಡಕದ ಕಡ್ಡಿ ನೆಟ್ಟಗೆ ಉಳಿದದ್ದು ಕಡಿಮೆ.

ಇಂತಿ,
ನಿನ್ನ ಗೆಳೆಯ